ನೀವಿರುವ ತನಕ

ಅವಳಿಗೆ ಕತ್ತರಿ ಅಕ್ಕ ಎಂಬ ಹೆಸರು ಬಿದ್ದದ್ದು ಬಟ್ಟೆಯಿಂದ, ಗಟ್ಟಿಯಾಗಿ ಅಂಟಿಕೊಂಡದ್ದು ವಿಡಿಯೊದಿಂದ. ಇಪ್ಪತ್ತು ವರ್ಷ ಬೀದಿಯ ಜನರಿಗೆಲ್ಲ ಅಂಗಿ, ಸಮವಸ್ತ್ರ ಹೊಲಿದಳು. ಸಿದ್ಧ ಉಡುಪಿನ ಅಂಗಡಿಗಳು ಸಾಲಾಗಿ ಬಂದು ಕೂತ ಮೇಲೆ ಅಳತೆ ಕೊಡಲು ಬರುವವರೇ ಇಲ್ಲವಾದರು. ಅವಳೇನು ತಲೆಮೇಲೆ ಕೈ ಹೊತ್ತು ಕೂರುವ ಹೆಂಗಸಲ್ಲ. ಹೊಲಿಗೆ ಯಂತ್ರದ ಮೇಜಿನ ಮೇಲೆ ಕಂಪ್ಯೂಟರ್ ತಂದಿಟ್ಟು, ಮದುವೆ ವಿಡಿಯೊಗಳನ್ನು ಕತ್ತರಿಸಿ ಜೋಡಿಸುವ ಕೆಲಸ ಕಲಿತಳು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಅದೇ ಕೋಣೆ, ಅದೇ ಕುರ್ಚಿ. ಕಸುಬೂ ಅದೇ ಎನ್ನುತ್ತಿದ್ದಳು: ಬೇಡದ್ದನ್ನು ಕತ್ತರಿಸುವುದು, ಉಳಿದದ್ದನ್ನು ಹೊಲಿಗೆ ಕಾಣದ ಹಾಗೆ ಸೇರಿಸುವುದು.

ದೊಡ್ಡ ಕಂಪನಿಗಳ ಸಾಫ್ಟ್‌ವೇರ್ ಕೊಳ್ಳುವ ತಾಕತ್ತು ಇರಲಿಲ್ಲ. ಎಲ್ಲೋ ದೂರದ ಒಂದು ಪುಟ್ಟ ಕಂಪನಿಯದ್ದು ಕಡಿಮೆ ಬೆಲೆಗೆ ಸಿಗುತ್ತಿತ್ತು. ಮೊದಲ ಒಂದು ತಿಂಗಳು ಪರೀಕ್ಷೆಗೆಂದು ಬಿಟ್ಟಿ ಕೊಡುತ್ತಿದ್ದರು. ಆದರೆ ಇದ್ದಬದ್ದ ಗುಂಡಿಗಳೆಲ್ಲ ಇಂಗ್ಲಿಷಿನಲ್ಲಿ. ಸಿಟ್ಟು ಬಂದು ಒಂದು ಪತ್ರ ಬರೆದಳು. ಅಲ್ಲಿದ್ದ ಒಬ್ಬ ಪುಣ್ಯಾತ್ಮ ಮರುದಿನವೇ ಉತ್ತರ ಕೊಟ್ಟ: ನಿಮ್ಮ ಭಾಷೆಗೆ ನೀವೇ ಯಾಕೆ ತರಬಾರದು?

ಅಷ್ಟು ಸಾಕಾಯಿತು. ನಾಲ್ಕು ತಿಂಗಳು, ದಿನಾ ಊಟವಾದ ಮೇಲೆ, ನಿಘಂಟು ತೊಡೆಯ ಮೇಲಿಟ್ಟುಕೊಂಡು ಕೂತಳು. ಅವರು ಕಳಿಸಿದ ಪಟ್ಟಿಯಲ್ಲಿ ಎಡಗಡೆ ಇಂಗ್ಲಿಷ್, ಬಲಗಡೆ ಕನ್ನಡ ತುಂಬಲು ಖಾಲಿ ಮನೆ. ಯಾವ ಮಾತು ಎಲ್ಲಿ ಬರುತ್ತದೆ ಎಂದು ಹೇಳುವವರಿಲ್ಲ, ಬರೀ ಸಾಲು ಸಾಲು ಬಿಡಿ ಪದಗಳು. ತನಗೆ ಗೊತ್ತಿದ್ದ ದರ್ಜಿ ಮಾತನ್ನೇ ತುಂಬಿದಳು. ಟ್ರ್ಯಾಕ್ ಎಂದದ್ದಕ್ಕೆ ಎಳೆ, ಟ್ರಿಮ್ ಎಂದದ್ದಕ್ಕೆ ಅಂಚು ಕತ್ತರಿಸು. ಒಂದು ಸಾಲಿನಲ್ಲಿ ಬರೀ ‘ಲೈಫ್‌ಟೈಮ್’ ಎಂದಿತ್ತು. ನಿಘಂಟು ಜೀವಾವಧಿ ಅಂದಿತು. ಛೆ, ಜೀವಾವಧಿ ಅಂದರೆ ಜನ ಜೈಲು ನೆನೆಯುತ್ತಾರೆ. ಎರಡು ದಿನ ಯೋಚಿಸಿ, ‘ನೀವಿರುವ ತನಕ’ ಎಂದು ಬರೆದಳು. ಬರೆದು ತಾನೇ ಹಿಗ್ಗಿದಳು.

ಆ ಮಾತು ಹೋಗಿ ಕೂತದ್ದು ಮಾರಾಟದ ಪುಟದ ನೆತ್ತಿಯ ಮೇಲೆ: ‘ಒಮ್ಮೆ ಕೊಳ್ಳಿ, ನೀವಿರುವ ತನಕ ನಿಮ್ಮದು.’ ಪುಣ್ಯಾತ್ಮನಿಂದ ಪತ್ರ ಬಂತು, ನೀವು ನಮ್ಮ ಮನೆಯವರಂತೆ ಎಂದು. ಜೊತೆಗೆ ಆ ಸಾಫ್ಟ್‌ವೇರ್ ಬಳಸಲು ಒಂದು ಪುಕ್ಕಟೆ ಪರವಾನಗಿ. ಆ ಪತ್ರವನ್ನು ಅವಳು ಮಗಳ ಮೊದಲ ಅಂಕಪಟ್ಟಿಯ ಜೊತೆ ಜೋಪಾನ ಮಾಡಿದಳು.

ಪುಕ್ಕಟೆ ಬಂದ ವಿಷಯವನ್ನು ಅವಳು ಯಾರಿಗೂ ಹೇಳಲಿಲ್ಲ. ಯಾರೂ ಕೇಳಲಿಲ್ಲ ಎಂದೇ ಇಟ್ಟುಕೊಳ್ಳೋಣ. ಒಬ್ಬಳನ್ನು ಬಿಟ್ಟು.

ಆ ಒಬ್ಬಳು ನಾದಿನಿ, ಗಂಡನ ತಂಗಿ. ಕಟ್ಟಿಕೊಂಡವನು ಸಕ್ಕರೆಯಂಥ ಮಾತಾಡಿ ಕೈಕೊಟ್ಟು ಹೋದ ಮೇಲೆ ಅವಳು ಹಾಲನ್ನೂ ಮೂಸಿ ನೋಡದೆ ಕೊಳ್ಳುತ್ತಿರಲಿಲ್ಲ. ಒಡಹುಟ್ಟಿದ ಅಣ್ಣನ ಮಾತಿಗೂ ‘ನೋಡೋಣ’ ಅನ್ನುವವಳು. ಕತ್ತರಿ ಅಕ್ಕನ ಮಾತೊಂದಕ್ಕೆ ಮಾತ್ರ ‘ಅತ್ತಿಗೆ ಹೇಳಿದ ಮೇಲೆ ಮುಗೀತು’ ಅನ್ನುತ್ತಿದ್ದಳು. ಇಡೀ ಮನೆತನದಲ್ಲಿ ಅವಳ ನಂಬಿಕೆ ಉಳಿದಿದ್ದದ್ದು ಆ ಒಂದೇ ಜಾಗದಲ್ಲಿ. ಕತ್ತರಿ ಅಕ್ಕನಿಗೆ ಅದು ಗೊತ್ತಿತ್ತು, ಅದರ ಬಗ್ಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ರಟ್ಟಿನ ಪೆಟ್ಟಿಗೆಯ ಕಾರ್ಖಾನೆ ಮುಚ್ಚಿ ನಾದಿನಿಯ ಕೆಲಸ ಹೋದಾಗ, ನನ್ನ ಪಕ್ಕದಲ್ಲೇ ಕೂತು ಕಲಿ ಎಂದು ಕತ್ತರಿ ಅಕ್ಕನೇ ಕರೆತಂದಳು. ಕಾರ್ಖಾನೆಯವರು ಕೊಟ್ಟ ಕೊನೆಯ ದುಡ್ಡಿನಲ್ಲಿ ಹಳೆಯ ಕಂಪ್ಯೂಟರ್ ಬಂತು. ಉಳಿದದ್ದನ್ನು ಸಾಫ್ಟ್‌ವೇರಿಗೆ ಹಾಕುವ ಮುಂಚೆ ಅವಳು ಆ ಮಾರಾಟದ ಪುಟವನ್ನು ಅಕ್ಷರ ಬಿಡದೆ ಓದಿ, ತಿರುಗಿ ಕೇಳಿದಳು:

“ನೀನೂ ಇದನ್ನೇ ಕೊಂಡಿದೀಯಲ್ಲ ಅತ್ತಿಗೆ, ನಂಬಬಹುದಾ?”

“ಕಣ್ಣು ಮುಚ್ಕೊಂಡು ತಗೋ,” ಅಂದಳು ಕತ್ತರಿ ಅಕ್ಕ.

ಕೊಂಡಿದೀಯಲ್ಲ ಎಂಬ ಮಾತನ್ನು ತಿದ್ದಬೇಕಿತ್ತು. ಸುಳ್ಳಂತೂ ಅವಳು ಹೇಳಲಿಲ್ಲ, ಹೋಗಲಿ ಎಂದು ಬಿಟ್ಟಳು. ಅಷ್ಟು ಹೊತ್ತಿಗೆ ಕೆಳಗಿನಿಂದ ಯಾರೋ ಕೂಗಿದರು ಕೂಡ.

ಎರಡು ವರ್ಷ ಎಲ್ಲ ಸರಾಗವಾಗಿ ನಡೆಯಿತು. ನಾದಿನಿಯ ಕೈ ಅತ್ತಿಗೆಯ ಕೈಗಿಂತ ಚುರುಕು. ಶಾಲೆಗಳ ಸಮಾರಂಭ, ಆಟೋಟ, ಅಂಗಡಿಗಳ ಜಾಹೀರಾತು, ಒಂದರ ಹಿಂದೆ ಒಂದು ಬಂದವು. ಕೊನೆಗೆ ದಾದಿಯರ ಶಾಲೆಯವರು ಬಂದು, ಐವತ್ತು ವರ್ಷ ತುಂಬಿದ ನೆಪದಲ್ಲಿ ಒಂದು ದೊಡ್ಡ ಚಿತ್ರ ಬೇಕು ಎಂದು ಅವಳನ್ನೇ ಕೇಳಿದರು. ಅತ್ತಿಗೆಯನ್ನಲ್ಲ, ಅವಳನ್ನೇ. ಶುಕ್ರವಾರ ಹತ್ತು ಗಂಟೆಗೆ ಸಭಾಂಗಣದಲ್ಲಿ ತೋರಿಸಬೇಕು.

ಸೋಮವಾರ ಬೆಳಿಗ್ಗೆ ಇಬ್ಬರ ಪರದೆಯ ಮೇಲೂ ಒಂದು ಪೆಟ್ಟಿಗೆ ಮೂಡಿತು. ‘ಈ ಆವೃತ್ತಿಯ ಕಾಲ ಮುಗಿದಿದೆ. ಮುಂದುವರಿಯಲು ಹೊಸದನ್ನು ಕೊಳ್ಳಿ.’ ಕೊಳ್ಳದೆಯೇ ಚಿತ್ರ ಹೊರತೆಗೆದರೆ, ದಾದಿಯರ ಮುಖಗಳ ಮೇಲೆಲ್ಲ ಕಂಪನಿಯ ಹೆಸರು ಅಡ್ಡಡ್ಡ ಬೀಳುತ್ತಿತ್ತು. ಅರ್ಧ ಮಾಡಿಟ್ಟ ಕೆಲಸವನ್ನು ಬೇರೆ ಯಾವ ಸಾಫ್ಟ್‌ವೇರಿನಲ್ಲೂ ತೆರೆಯಲು ಬರುವುದಿಲ್ಲ. ಮೂರು ವಾರದ ದುಡಿಮೆ ಅದರ ಹೊಟ್ಟೆಯೊಳಗೆ ಸಿಕ್ಕಿಹಾಕಿಕೊಂಡಿತ್ತು.

ನಾದಿನಿ ಕೂಗಾಡಲಿಲ್ಲ. ಪೆಟ್ಟಿಗೆಯನ್ನು ಎರಡು ಸಲ ಓದಿ, ಅತ್ತಿಗೆಯ ಕಡೆ ತಿರುಗಿದಳು.

“ಅತ್ತಿಗೆ, ನಾನಿನ್ನೂ ಇದೀನಲ್ಲ?”

ನಗಬೇಕೋ ಅಳಬೇಕೋ ತಿಳಿಯಲಿಲ್ಲ ಕತ್ತರಿ ಅಕ್ಕನಿಗೆ. ಏನೋ ತಪ್ಪಾಗಿರಬೇಕು, ಅವರು ನಮ್ಮವರೇ, ನಾನು ಕೇಳುತ್ತೇನೆ ಎಂದು ಸಮಾಧಾನ ಮಾಡಿ ಪತ್ರ ಬರೆದಳು.

ಪುಣ್ಯಾತ್ಮ ಅಲ್ಲಿರಲಿಲ್ಲ. ಕಂಪನಿಯನ್ನೇ ಯಾರೋ ಕೊಂಡುಕೊಂಡಿದ್ದರು. ಉತ್ತರ ಬೆಣ್ಣೆಯಲ್ಲಿ ಅದ್ದಿ ತೆಗೆದಂತಿತ್ತು: ತಮ್ಮ ಬೇಸರ ನಮಗೆ ಅರ್ಥವಾಗುತ್ತದೆ, ಆದರೆ ಲೈಫ್‌ಟೈಮ್ ಎಂದರೆ ಆ ಆವೃತ್ತಿಯ ಜೀವಮಾನ, ಕೊಂಡವರ ಜೀವಮಾನವಲ್ಲ, ನಿಬಂಧನೆಗಳ ಹದಿನಾಲ್ಕನೆಯ ಕಲಮು ನೋಡಿ. ಆ ಆವೃತ್ತಿಯನ್ನು ಕಳೆದ ತಿಂಗಳು ನಿಲ್ಲಿಸಲಾಗಿದೆ. ಅಂದರೆ ಸತ್ತದ್ದು ಅದಂತೆ!

ಅವಳ ಪಿತ್ತ ನೆತ್ತಿಗೇರಿತು. ನಿಬಂಧನೆಗಳು ಇಂಗ್ಲಿಷಿನಲ್ಲೇ ಇದ್ದವು, ಅವನ್ನು ಅನುವಾದಕ್ಕೆ ಕಳಿಸಿರಲೇ ಇಲ್ಲ. ತಮಗೆ ಬೇಕಾದ ಸಿಹಿ ಮಾತನ್ನಷ್ಟೇ ಅವಳ ಬಾಯಿಂದ ಆಡಿಸಿಕೊಂಡಿದ್ದರು. ಟೋಪಿ ಹಾಕುವವರು ಅವರು, ಹೊಲಿದುಕೊಟ್ಟವಳು ತಾನು! ಸಿಟ್ಟಿಗಿಂತ ಹೆಚ್ಚಾಗಿ ಅವಮಾನವಾಯಿತು. ಒಂದು ಪದದ ಮರೆಯಲ್ಲಿ ನಿಂತು ಮೋಸ ಮಾಡುತ್ತಾರಲ್ಲ, ಇವರಿಗೆ ಒಳ್ಳೆಯದಾಗುತ್ತದಾ ಎಂದು ನಾದಿನಿಯ ಮುಂದೆ ಮನಸಾರೆ ಬೈದಳು. ನಾದಿನಿ ಹೂಂ ಎಂದಳಷ್ಟೇ.

ಆ ಮಾತನ್ನು ಬರೆದವಳೇ ನಾನು ಎಂದು ಎರಡನೇ ಪತ್ರ ಹೋಯಿತು. ಈ ಸಲ ಉತ್ತರದ ವರಸೆಯೇ ಬೇರೆ. ಓಹೋ, ಹಳೆಯ ಅನುವಾದಕರು! ಹೊಸ ಆವೃತ್ತಿಯಲ್ಲಿ ಇನ್ನೂರು ಸಾಲು ಬಾಕಿ ಇವೆ, ಬುಧವಾರದೊಳಗೆ ಮಾಡಿಕೊಟ್ಟರೆ ಕೃತಜ್ಞತೆಯಿಂದ ಅದನ್ನು ತೆರೆಯುವ ಒಂದು ಸಂಕೇತ ಸಂಖ್ಯೆ ಕಳಿಸುತ್ತೇವೆ. ಒಂದೇ ಒಂದು. ನಾದಿನಿಯ ವಿಷಯಕ್ಕೆ ಅವರು ಕಿವಿಯನ್ನೇ ಕೊಡಲಿಲ್ಲ.

ಕತ್ತರಿ ಅಕ್ಕ ಹಲ್ಲು ಕಚ್ಚಿಕೊಂಡು ಅನುವಾದಕ್ಕೆ ಕೂತಳು. ಹೊಸದನ್ನು ಕೊಂಡುಕೊಳ್ಳೋಣ, ನಾನು ಕೊಡಿಸುತ್ತೇನೆ ಎಂದರೆ, ಮೋಸ ಮಾಡಿದವರಿಗೆ ಇನ್ನೊಂದು ಕಾಸೂ ಇಲ್ಲ ಎಂದು ನಾದಿನಿ ಜಪ್ಪಯ್ಯ ಅಂದರೂ ಒಪ್ಪುತ್ತಿರಲಿಲ್ಲ. ಇನ್ನೂರು ಸಾಲಿನಲ್ಲಿ ‘ಲೈಫ್‌ಟೈಮ್’ ಮತ್ತೆ ಇತ್ತು. ಅದರ ಎದುರಿನ ಮನೆಯಲ್ಲಿ ‘ನಮಗೆ ಸಾಕೆನಿಸುವ ತನಕ’ ಎಂದು ಬರೆದಳು. ಕನ್ನಡ ಓದಲು ಅಲ್ಲಿ ಯಾವ ದೊರೆಗೆ ಬರುತ್ತದೆ? ಆ ದಿನ ಅವಳು ನಕ್ಕದ್ದು ಅದೊಂದೇ ಸಲ.

ಬುಧವಾರ ಸಂಜೆ ಸಂಖ್ಯೆ ಬಂತು. ನಾದಿನಿಗೆ ಏನು ಹೇಳುವುದು? ಅನುವಾದ ಮಾಡಿ ಗಿಟ್ಟಿಸಿದೆ ಎಂದರೆ, ಮೊದಲಿನದ್ದೂ ಹಾಗೇ ಬಂತಾ ಎಂಬ ಪ್ರಶ್ನೆ ಬಂದೇ ಬರುತ್ತದೆ. ಜಗಳವಾಡಿ ಕಿತ್ತುಕೊಂಡೆ ಅಂದರಾಯಿತು ಎಂದುಕೊಂಡಳು. ಗುರುವಾರ ಬೆಳಿಗ್ಗೆ ಹಾಗೆಯೇ ಅಂದಳು.

“ಸುಮ್ನೆ ಬಿಡ್ತೀನಾ? ನಿಂಗೆ ಕೊಡಲೇಬೇಕು ಅಂತ ಕೂತೆ. ಕೊಟ್ರು.”

ನಾದಿನಿಯ ಮುಖ ನಾಲ್ಕು ದಿನದಲ್ಲಿ ಮೊದಲ ಸಲ ಸಡಿಲವಾಯಿತು. ಒಂದೊಂದೇ ಅಂಕಿ ನೋಡಿಕೊಂಡು ಒತ್ತಿದಳು. ಸಾಫ್ಟ್‌ವೇರ್ ತೆರೆದುಕೊಂಡಿತು, ದಾದಿಯರು ತೆರೆದುಕೊಂಡರು, ಮುಖಗಳ ಮೇಲೆ ಯಾವ ಹೆಸರೂ ಇರಲಿಲ್ಲ. ಪಕ್ಕದಲ್ಲಿ ಖಾತೆಯ ವಿವರ ಬಂದು ನಿಂತಿತ್ತು. ಅಚ್ಚ ಕನ್ನಡದಲ್ಲಿ, ಕತ್ತರಿ ಅಕ್ಕ ಏಳು ವರ್ಷದ ಹಿಂದೆ ತುಂಬಿದ ಮಾತುಗಳಲ್ಲಿ.

‘ಅನುವಾದಕರಿಗೆ ಉಚಿತ ಕಾಣಿಕೆ. ಎರಡನೆಯ ಸಲ. ಮೊದಲ ಕಾಣಿಕೆ ಏಳು ವರ್ಷದ ಹಿಂದೆ.’

ಅಕ್ಷರ ಬಿಡದೆ ಓದುವವಳು ಅದನ್ನು ಬಿಡುತ್ತಾಳೆಯೇ? ಓದಿದಳು. ಕೆಳಗೆ ಯಾರೋ ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದ ಸದ್ದು ಕೇಳುತ್ತಿತ್ತು.

“ನೀನು ಕೊಂಡಿರ್ಲಿಲ್ಲ,” ಅಂದಳು.

ಕತ್ತರಿ ಅಕ್ಕ ವಿವರಿಸಲು ಹೊರಟಳು. ನಾಲ್ಕು ತಿಂಗಳು ದುಡಿದದ್ದು, ಅದೂ ದುಡ್ಡು ಕೊಟ್ಟ ಹಾಗೇ ಎಂಬುದು, ಹೇಳುವ ಸಂದರ್ಭವೇ ಬರಲಿಲ್ಲ ಎಂಬುದು. ಹೇಳುತ್ತ ಹೇಳುತ್ತ, ಕಂಪನಿಯವರು ಬರೆದ ಪತ್ರದ ಧಾಟಿ ತನ್ನ ಬಾಯಲ್ಲೇ ಕೇಳಿಸಿ ನಾಲಿಗೆ ತಡವರಿಸಿತು. ನಾದಿನಿ ಕೊನೆಯ ತನಕ ಕೇಳಿಸಿಕೊಂಡಳು.

“ಒಂದೇ ಹೇಳು. ನೀನೇ ಕೈಯಿಂದ ದುಡ್ಡು ಕೊಟ್ಟು ಕೊಳ್ಳಬೇಕಾಗಿದ್ರೆ, ನಂಗೆ ಆವತ್ತು ಕಣ್ಣು ಮುಚ್ಕೊಂಡು ತಗೋ ಅಂತಿದ್ಯಾ?”

ಹೌದು ಎನ್ನಬೇಕಿತ್ತು. ಹೌದು ಎಂದೇ ಅಂದಳು. ಆದರೆ ಅಂದದ್ದು ತುಸು ತಡವಾಗಿ, ಆ ತಡ ಇಬ್ಬರಿಗೂ ಕೇಳಿಸಿತು.

“ಆಯ್ತು, ಬಿಡಿ,” ಅಂದಳು ನಾದಿನಿ.

ಬಿಡು ಎನ್ನಲಿಲ್ಲ. ಅತ್ತಿಗೆ ಮದುವೆಯಾಗಿ ಮನೆಗೆ ಬಂದ ದಿನದಿಂದ ಅವಳನ್ನು ನೀನು ಎಂದೇ ಕರೆದವಳು, ಅಂಗಡಿಗೆ ಬಂದ ಗಿರಾಕಿಗೆ ಹೇಳುವ ಹಾಗೆ ಬಿಡಿ ಅಂದಳು. ಕೋಪವಿರಲಿಲ್ಲ ಆ ದನಿಯಲ್ಲಿ. ಮತ್ತೆ ಪರದೆಯ ಕಡೆ ತಿರುಗಿ, ಸ್ವಲ್ಪ ಜರುಗಿ, ಅತ್ತಿಗೆಗೆ ಕುರ್ಚಿ ಎಳೆದುಕೊಳ್ಳಲು ಜಾಗ ಮಾಡಿಕೊಟ್ಟಳು.

“ನೀವೂ ಕೂತ್ಕೊಳ್ಳಿ,” ಅಂದಳು.