ಮಣಿ ಬಾಯಿ ಮುಚ್ಚಿದರೆ

ಬೇವಿನ ಎಣ್ಣೆಯ ವಾಸನೆ ನನಗೆ ಮೊದಲಿನಿಂದಲೂ ಆಗದು. ಮೊನ್ನೆ ದುರ್ಗಿಗುಡಿಯ ನಮ್ಮ ಮನೆಯ ಹಿಂಬಾಗಿಲಲ್ಲಿ ಕೂತು ಮೊಮ್ಮಗಳು ತನ್ನ ನಾಯಿಗೆ ಅದನ್ನೇ ತಿಕ್ಕುತ್ತಿದ್ದಳು, ಉಣ್ಣಿ ಹೋಗಲಿ ಎಂದು. ನಾಯಿ ನಾಲಿಗೆ ಚಾಚಿಕೊಂಡು ಸುಖವಾಗಿ ಕೂತಿತ್ತು. ಬೈಯಬೇಕೆಂದೇ ಎದ್ದು ಬಂದವಳು ಬೈಯುವುದನ್ನು ಮರೆತು ನಿಂತೆ. ನಾಯಿಯ ಮೈಗೆ ಹತ್ತಿದ ಬೇವಿನ ಎಣ್ಣೆಗೆ ಬೇರೆಯದೇ ವಾಸನೆ... ಭದ್ರಾವತಿಯ ಕ್ವಾರ್ಟರ್ಸಿನದು.

ಅಷ್ಟರಲ್ಲಿ ನಾಯಿ ಬಾಯಿ ಮುಚ್ಚಿತು.

"ಎಣ್ಣೆ ಎತ್ಕೊಳ್ಳೇ" ಎಂದೆ. ಅವಳು ಎತ್ತಿಕೊಳ್ಳಲಿಲ್ಲ. ನಾಯಿ ಎಣ್ಣೆಯನ್ನು ಒದ್ದು ಚೆಲ್ಲಿ, ಒಳಗೆ ಓಡಿ, ನನ್ನ ಹಾಸಿಗೆಯ ಮೇಲೆ ಹೊರಳಾಡಿತು.

"ಅಜ್ಜೀ, ಮುಂಚೆನೇ ಹೆಂಗೆ ಗೊತ್ತಾಯ್ತು ನಿಂಗೆ?"

"ಅದೇ ಹೇಳ್ತಲ್ಲ."

"ಏನು ಹೇಳ್ತು? ಸುಮ್ನೆ ಕೂತಿತ್ತು!"

"ಸುಮ್ನೆ ಆಯ್ತಲ್ಲ, ಅದೇ."

ಇದು ನಾನಾಗಿ ಕಲಿತದ್ದಲ್ಲ. ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ಕಲಿಸಿದ್ದು. ನನ್ನ ಯಜಮಾನರೂ ಅವರ ಗಂಡನೂ ಕಾರ್ಖಾನೆಯ ಒಂದೇ ಶಾಪಿನಲ್ಲಿ ಕೆಲಸಕ್ಕಿದ್ದರು. ಅವರು ತಮಿಳಿನವರು. ನಮ್ಮ ಮನೆಯಲ್ಲಿ ಲಿಂಗಪೂಜೆ, ಅವರ ಮನೆಯಲ್ಲಿ ಮೀನಿನ ಸಾರು. ನಡುವಿನ ಗೋಡೆ ಮಾತ್ರ ಒಂದೇ. ಆ ಗೋಡೆಯ ಮೇಲೆ ನಾವಿಬ್ಬರೂ ಬಟ್ಟಲು ದಾಟಿಸುತ್ತಿದ್ದೆವು. ನಾನು ಹುಳಿ ಕೊಟ್ಟರೆ ಮರುದಿನ ಬಟ್ಟಲಿನಲ್ಲಿ ಮುರುಕು ಬರುತ್ತಿತ್ತು. ಏನೂ ಇಲ್ಲದ ದಿನ ಒಂದು ಚಿಟಿಕೆ ಸಕ್ಕರೆಯಾದರೂ ಹಾಕಿರುತ್ತಿದ್ದರು. ಬರಿ ಬಟ್ಟಲು ವಾಪಸ್ ಕೊಡುವ ಪದ್ಧತಿ ನಮ್ಮ ಲೈನಿನಲ್ಲೇ ಇರಲಿಲ್ಲ.

ಅಕ್ಕನಿಗೆ ಮಕ್ಕಳಾಗಲಿಲ್ಲ. ಒಂದು ನಾಯಿ ಇತ್ತು, ಮಣಿ ಅಂತ. ಕಂದು ಬಣ್ಣ, ಒಂದು ಕಿವಿ ಹರಿದಿತ್ತು, ಮೈಗೆಲ್ಲ ಅಕ್ಕ ತಿಕ್ಕಿದ ಬೇವಿನ ಎಣ್ಣೆ, ನೋಡುವುದಕ್ಕೆ ಏನೂ ಚೆಂದವಿರಲಿಲ್ಲ. ಕಳ್ಳತನದಲ್ಲಿ ಮಾತ್ರ ಅದಕ್ಕೆ ಸಮ ಯಾವುದೂ ಇರಲಿಲ್ಲ. ನನ್ನ ಸಂಡಿಗೆಯನ್ನು ಅದು ಎಷ್ಟು ಸಲ ತಿಂದಿತ್ತೋ. ಆದರೆ ಅಕ್ಕ ಮನೆಯಲ್ಲಿದ್ದಾಗ ಅದರ ಆಟ ನಡೆಯುತ್ತಿರಲಿಲ್ಲ. ಅವರು ಒಳಗೆ ಒಲೆಯ ಮುಂದೆ ಇರುತ್ತಿದ್ದರು, ನಾಯಿ ಹೊರಗೆ. ಇದ್ದಕ್ಕಿದ್ದ ಹಾಗೆ ಒಳಗಿನಿಂದಲೇ "ಮಣೀ, ವೇಂಡಾ!" ಎಂದು ಕೂಗುತ್ತಿದ್ದರು, ಅವರ ಭಾಷೆಯಲ್ಲಿ ಬೇಡ ಅಂತ. ನಾನು ಬಗ್ಗಿ ನೋಡಿದರೆ ನಾಯಿ ಸಂಡಿಗೆಯ ಮುಂದೆ ಕಾಲೆತ್ತಿಕೊಂಡು ಹಾಗೇ ನಿಂತಿರುತ್ತಿತ್ತು.

"ಗೋಡೆಯಾಚೆ ಕಣ್ಣು ಕಾಣುತ್ತಾ ನಿಮಗೆ?" ಎಂದು ಒಮ್ಮೆ ಕೇಳಿದೆ.

"ಕಣ್ಣು ಯಾಕಮ್ಮಾ? ಹಾ ಹಾ ಅಂತ ಉಸಿರು ಬಿಡ್ತಾ ಇರುತ್ತಲ್ಲ, ಅದು ನಿಂತ್ರೆ ಏನೋ ಮಾಡೋಕೆ ಹೊರಟಿದೆ ಅಂತ. ಬಾಯಿ ತೆರೆದಿರೋ ತನಕ ಭಯ ಇಲ್ಲ."

ಆಮೇಲೆ ಒಂದೊಂದಾಗಿ ತೋರಿಸಿಕೊಟ್ಟರು. ನಿದ್ದೆ ಬಂದಿಲ್ಲದಿದ್ದರೂ ಆಕಳಿಸಿದರೆ ಅದಕ್ಕೆ ಕಸಿವಿಸಿ. ತಿನ್ನುವುದು ಏನೂ ಇಲ್ಲದೆ ತುಟಿ ನೆಕ್ಕಿಕೊಂಡರೂ ಅಷ್ಟೇ. ಮುಖ ಆಚೆ ತಿರುಗಿಸಿ ಕಣ್ಣನ್ನು ಮಾತ್ರ ಇತ್ತ ಬಿಟ್ಟು, ಕಣ್ಣಿನ ಬಿಳಿ ಕಂಡರೆ ಹತ್ತಿರ ಹೋಗಬಾರದು. ಬಾಲ ಆಡುತ್ತಿದೆಯಲ್ಲ ಎಂದು ನಂಬಬಾರದು, ಸೆಟೆದ ಬಾಲವೂ ಆಡುತ್ತದೆ. ಇಷ್ಟಾದರೂ ತಿಳಿಯದವರಿಗೆ ಕೊನೆಗೆ ಗುರ್ ಅನ್ನುತ್ತದೆ. "ಅದು ಜಗಳ ಅಲ್ಲ ಕಣಮ್ಮಾ. ಜಗಳ ಬೇಡ, ಹೋಗು ಅಂತ ಹೇಳೋದು" ಎನ್ನುತ್ತಿದ್ದರು.

ಅವರ ಗಂಡನಿಗೆ ಇದು ತಿಳಿಯಲಿಲ್ಲ. ಒಂದು ಸಲ ಶಾಪಿನ ಮೇಸ್ತ್ರಿ ಮನೆಗೆ ಬಂದಾಗ ಮಣಿ ಗುರ್ ಅಂದಿತು. ಬಂದವರ ಮುಂದೆ ಮರ್ಯಾದೆ ಹೋಯಿತು ಅಂತ ಆತ ಬೆಲ್ಟ್ ಬಿಚ್ಚಿದ. ಅಲ್ಲಿಂದಾಚೆ ಗುರ್ ಅಂದಾಗಲೆಲ್ಲ ಪೆಟ್ಟು. ಅಕ್ಕ ಅಡ್ಡ ಬಂದರೆ ಅವರಿಗೂ ಬೈಗುಳ. ಅವರೇನೂ ಸುಮ್ಮನಿರುತ್ತಿರಲಿಲ್ಲ. ತಮಿಳಿನಲ್ಲಿ ಅವರು ಬೈಯುತ್ತಿದ್ದದ್ದು ನಮ್ಮ ಅಡುಗೆಮನೆಗೆ ಚೆನ್ನಾಗಿ ಕೇಳುತ್ತಿತ್ತು. ನನಗೆ ಬಂದ ಅಷ್ಟಿಷ್ಟು ತಮಿಳು ಆ ಗೋಡೆಯಿಂದಲೇ ಬಂದದ್ದು, ಅದರಲ್ಲಿ ಒಂದು ಮಾತೂ ನಾಲ್ಕು ಜನರ ಮುಂದೆ ಆಡುವಂಥದ್ದಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಮಣಿ ಗುರ್ ಅನ್ನುವುದನ್ನು ಬಿಟ್ಟಿತು. "ನೋಡಿದ್ರಾ, ಹೆಂಗೆ ಸರಿ ಹೋಯ್ತು" ಎಂದು ಆತ ನನ್ನ ಯಜಮಾನರ ಮುಂದೆ ಹೇಳಿಕೊಂಡ. ಅಕ್ಕ ಗೋಡೆಯ ಹತ್ತಿರ ಬಂದು ನನಗೆ ಹೇಳಿದ್ದು ಬೇರೆ. "ದನಿ ಕಿತ್ಕೊಂಡ್ರು. ಹಲ್ಲು ಹಾಗೇ ಇದೆ. ನಿಮ್ಮ ಮಗಳನ್ನ ಹತ್ತಿರ ಬಿಡಬೇಡಿ."

ಸಂಕ್ರಾಂತಿ ಬಂತು. ಲೈನಿನ ಹೆಣ್ಣುಮಕ್ಕಳೆಲ್ಲ ಲಂಗ ಉಟ್ಟು ಎಳ್ಳು ಬೀರುವುದಕ್ಕೆ ಮನೆಮನೆಗೆ ಹೋಗುತ್ತಾರೆ, ನಾಯಿಯನ್ನು ಕಟ್ಟಿಹಾಕಿ ಎಂದು ನಾಲ್ಕು ಜನ ಹೇಳಿದರು. ಕಟ್ಟಿದರೆ ಅದಕ್ಕೆ ಹಿಂದೆ ಸರಿಯಲು ಜಾಗವಿರುವುದಿಲ್ಲ, ಬಿಟ್ಟರೆ ತಾನೇ ಹಿತ್ತಲಿಗೆ ಹೋಗುತ್ತದೆ ಎಂದು ಅಕ್ಕ ಎಷ್ಟು ಹೇಳಿದರೂ ಯಾರೂ ಕೇಳಲಿಲ್ಲ. ಗಂಡನೇ ಬಾಗಿಲ ಪಕ್ಕದಲ್ಲಿ ಗಿಡ್ಡ ಸರಪಳಿ ಹಾಕಿ ಕಟ್ಟಿದ. ಅಕ್ಕ ಅಲ್ಲೇ ಅಂಗಳದಲ್ಲಿ ಒಲೆ ಹೂಡಿ ಪೊಂಗಲ್ ಮಾಡುತ್ತ, ನಾಯಿಯ ಮೇಲೆ ಕಣ್ಣಿಟ್ಟುಕೊಂಡು ಕೂತಿದ್ದರು.

ನನ್ನ ಮಗಳು ಆಗ ಚಿಕ್ಕವಳು. ನಾನು ಎಳ್ಳಿನ ತಟ್ಟೆ ಹಿಡಿದು ಹಿಂದೆಯೇ ಇದ್ದೆ. ಗೇಟು ತೆಗೆದದ್ದೇ ಅವಳು ಕೈ ಬಿಡಿಸಿಕೊಂಡು ಓಡಿದಳು, ಮುಷ್ಟಿಯಲ್ಲಿದ್ದ ಸಕ್ಕರೆ ಅಚ್ಚನ್ನು ಮಣಿಯ ಬಾಯಿಗೆ ಇಡುವುದಕ್ಕೆ. ಸೌಟು ಬಿಸಾಡಿ ಅಕ್ಕ ಎದ್ದದ್ದು ಕಂಡೆ. ನಾಯಿ ಬೊಗಳಲಿಲ್ಲ, ಗುರ್ ಅನ್ನಲಿಲ್ಲ. ಹಲ್ಲಿಗೂ ಮಗುವಿಗೂ ನಡುವೆ ಅಕ್ಕನ ಮೊಳಕೈ ಬಂತು. ಮಗಳ ಲಂಗದ ಮೇಲೆ ಬಿದ್ದ ರಕ್ತ ಅವಳದಲ್ಲ ಎಂದು ತಿಳಿಯುವವರೆಗೆ ನಾನು ನಿಂತಲ್ಲೇ ನಿಂತಿದ್ದೆ.

ಜನ ಸೇರಿದರು. "ನಾನೇ ಬಾಲ ತುಳಿದೆ. ಅದರ ತಪ್ಪಿಲ್ಲ" ಎಂದು ಅಕ್ಕ ಸೆರಗಿನಲ್ಲಿ ಕೈ ಸುತ್ತಿಕೊಂಡು ಹೇಳುತ್ತಲೇ ಇದ್ದರು. ಯಾರೂ ನಂಬಲಿಲ್ಲ. ನಾನೂ ಸುಳ್ಳೇ ಹೇಳಿದೆ, ಹೌದು, ತುಳಿದದ್ದು ನೋಡಿದೆ ಎಂದು. ಮಗಳನ್ನು ಉಳಿಸಿಕೊಟ್ಟವರಿಗೆ ನನ್ನಿಂದಾದದ್ದು ಅಷ್ಟೇ. ಅದೂ ಸಾಲಲಿಲ್ಲ.

ಆಗ ನಾಯಿ ಕಚ್ಚಿದರೆ ಹೊಟ್ಟೆಗೆ ಸೂಜಿ. ಮರುದಿನ ಅಕ್ಕ ಆಸ್ಪತ್ರೆಗೆ ಹೋಗಿದ್ದಾಗ ಗಂಡ ಮಣಿಯನ್ನು ಯಾವುದೋ ಲಾರಿಗೆ ಹತ್ತಿಸಿ, ಶಿವಮೊಗ್ಗದ ಕಡೆ ಸೋಗಾನೆಯ ಹೊಲಗಳಲ್ಲಿ ಬಿಟ್ಟು ಬರುವುದಕ್ಕೆ ಹೇಳಿ ಕಳಿಸಿದ. ಅಕ್ಕ ಹೊಟ್ಟೆ ಹಿಡಿದುಕೊಂಡು ಬಂದು ನೋಡಿದರೆ ಬಾಗಿಲ ಪಕ್ಕದಲ್ಲಿ ಬರಿ ಸರಪಳಿ.

ನಾನೂ ಅವರೂ ಬಸ್ಸಿನಲ್ಲಿ ಹೋಗಿ ಹುಡುಕಿದೆವು. ಅಕ್ಕ ಬದುವಿನ ಮೇಲೆ ನಿಂತು ಮಣೀ, ಮಣೀ ಎಂದು ಕೂಗುವುದು, ಹೊಲದವರು ಎದ್ದು ನಿಂತು ನೋಡುವುದು. ಒಬ್ಬರು ನಗುತ್ತ, "ಮಗನಾ?" ಎಂದರು. ಅಕ್ಕ, "ಹೂಂ" ಎಂದರು. ಆಮೇಲೆ ಅವರು ನಗಲಿಲ್ಲ, ತಾವೂ ಒಂದಷ್ಟು ದೂರ ಬಂದು ಕೂಗಿದರು. ಈಗ ಆ ಕಡೆಯೇ ವಿಮಾನ ಇಳಿಯುತ್ತದೆ. ನಾಯಿ ಸಿಗಲಿಲ್ಲ.

ಅದಾದ ಮೇಲೆ ಗೋಡೆಯಾಚೆ ಬೈಗುಳ ನಿಂತಿತು. ಅಕ್ಕ ಗಂಡನಿಗೆ ಒಂದು ಎದುರು ಮಾತೂ ಆಡಲಿಲ್ಲ. ಹೊತ್ತು ಹೊತ್ತಿಗೆ ಊಟ, ಇಸ್ತ್ರಿ ಮಾಡಿದ ಬಟ್ಟೆ. "ಇವಳೂ ಸರಿ ಹೋದ್ಲು" ಎಂದು ಆತ ಸಂತೋಷಪಟ್ಟ. ನಾನು ಮಾತ್ರ ಅಡುಗೆಮನೆಯಲ್ಲಿ ಗೋಡೆಗೆ ಕಿವಿ ಕೊಟ್ಟು ಕಾಯುತ್ತಿದ್ದೆ, ಒಂದು ಬೈಗುಳವಾದರೂ ಬರಲಿ ಎಂದು... ಬರಲಿಲ್ಲ.

ಒಂದು ಸಂಜೆ ಅವರು ನನ್ನ ಪಾತ್ರೆಗಳನ್ನೆಲ್ಲ ತಂದು ಗೋಡೆಯ ಮೇಲೆ ಜೋಡಿಸಿದರು. ನಾನು ಮರೆತೇ ಹೋಗಿದ್ದ ಒಂದು ಚಟ್ನಿ ಬಟ್ಟಲೂ ಇತ್ತು. ಎಲ್ಲ ಬೆಳ್ಳಗೆ ಬೆಳಗಿದ್ದರು. ಎಲ್ಲವೂ ಖಾಲಿ. ಸಕ್ಕರೆಯೂ ಇರಲಿಲ್ಲ. ನಾನು ಅವರ ಮುಖ ನೋಡಿದೆ, ಅವರು ನನ್ನ ಮುಖ ನೋಡಲಿಲ್ಲ. ಆ ಸಂಜೆ ನನ್ನ ಯಜಮಾನರಿಗೂ ನಾನು ಏನೂ ಹೇಳಲಿಲ್ಲ. ರೊಟ್ಟಿ ಮಾತ್ರ ಹೆಚ್ಚಿಗೆ ತಟ್ಟಿದೆ.

ಬೆಳಿಗ್ಗೆ ಸೈರನ್ ಆಗಿ ಗಂಡಸರೆಲ್ಲ ಕೆಲಸಕ್ಕೆ ಹೋದ ಮೇಲೆ ಅವರು ಒಂದು ಚೀಲ ಹಿಡಿದು ಹೊರಗೆ ಬಂದರು. ನಾನು ಡಬ್ಬಿ ಹಿಡಿದು ಗೇಟಿನಲ್ಲಿ ನಿಂತಿದ್ದೆ.

"ಈ ಡಬ್ಬಿ ವಾಪಸ್ ಕೊಡೋಕೆ ನಾನು ಬರಲ್ಲ ಕಣಮ್ಮಾ."

"ಬರಬೇಡಿ ಬಿಡಿ. ರೊಟ್ಟಿ, ಎಣ್ಣೆಗಾಯಿ ಇದೆ. ಬಸ್ಸಲ್ಲಿ ತಿನ್ನಿ."

"ಎಲ್ಲಿಗೆ ಅಂತ ಕೇಳಲ್ವಾ?"

"ಕೇಳಿದ್ರೆ ಗೊತ್ತಾಗುತ್ತೆ. ಗೊತ್ತಾದ್ರೆ ಯಾರಾದ್ರೂ ನನ್ನ ಬಾಯಿ ಬಿಡಿಸ್ತಾರೆ."

ಅವರು ನಕ್ಕರು. ಸಂಕ್ರಾಂತಿಯಾದ ಮೇಲೆ ಮೊದಲ ಸಲ. ಕಚ್ಚಿದ ಗಾಯ ಆಗಿನ್ನೂ ಕೆಂಪಗೇ ಇತ್ತು, ಆ ಕೈಯಲ್ಲೇ ನನ್ನ ಗಲ್ಲ ಹಿಡಿದು ಬಿಟ್ಟು ಹೊರಟರು. ಮೂಲೆಯಲ್ಲಿ ತಿರುಗಿ ನೋಡಲಿಲ್ಲ.

ಸಂಜೆ ಗಂಡ ಬಂದು ನಮ್ಮ ಬಾಗಿಲು ಬಡಿದ. "ಒಂದು ಮಾತು ಹೇಳ್ಬೇಕೋ ಬೇಡ್ವೋ ಇವಳು? ಹೇಳ್ದೆ ಕೇಳ್ದೆ ಹೋಗೋದಾ?" ಎಂದ.

"ಹೇಳ್ತಿದ್ರಲ್ಲ ಇಷ್ಟು ವರ್ಷ. ನೀವೇ ಬಿಡಿಸಿದ್ರಿ" ಎಂದು ಬಾಗಿಲು ಹಾಕಿಕೊಂಡೆ. ನನ್ನ ಯಜಮಾನರು ನನ್ನನ್ನೇ ನೋಡಿದರು. ನಾನು ಸಾರಿಗೆ ಒಗ್ಗರಣೆ ಹಾಕಿದೆ.

ಇದನ್ನೆಲ್ಲ ಮೊಮ್ಮಗಳಿಗೆ ಹೇಳುವ ಹೊತ್ತಿಗೆ ಎಣ್ಣೆ ಹತ್ತಿದ ಹಾಸಿಗೆ ಬಿಸಿಲಿಗೆ ಹೋಗಿತ್ತು. ಅವಳು ಫೋನು ಕೈಗೆ ತೆಗೆದುಕೊಂಡು, "ಹೆಸರು ಹೇಳಜ್ಜಿ, ಹುಡುಕ್ತೀನಿ. ಅವರ ಕಡೆಯೋರು ಯಾರಾದ್ರೂ ಇರ್ತಾರೆ" ಎಂದಳು.

ನಾನು ಬಾಯಿ ತೆರೆದೆ. ಹೇಳುವುದಕ್ಕೆ ಹೆಸರೇ ಇರಲಿಲ್ಲ. ಒಂದೇ ಗೋಡೆಯ ಈಚೆ ಅಷ್ಟು ವರ್ಷ ಇದ್ದೆ, ಅಕ್ಕಾ ಎಂದೇ ಕರೆದೆ. ಲೈನಿನಲ್ಲಿ ಎಲ್ಲರಿಗೂ ಅವರು ಅಕ್ಕನೇ. ಗಂಡ 'ಏಯ್' ಎನ್ನುತ್ತಿದ್ದ. ಅವರ ಹೆಸರನ್ನು ಯಾರ ಬಾಯಿಯಿಂದಲೂ ನಾನು ಕೇಳಲಿಲ್ಲ. ನಾನಾಗಿ ಕೇಳಬೇಕೆಂದು ತೋಚಲೂ ಇಲ್ಲ. ಈಗ ಬದುಕಿರಲಿಕ್ಕಿಲ್ಲ. ನನಗಿಂತ ತುಂಬಾ ದೊಡ್ಡವರು.

"ಗಂಡನ ಹೆಸರಾದ್ರೂ ಗೊತ್ತಾ?"

ಗೊತ್ತಿತ್ತು. ಕ್ವಾರ್ಟರ್ಸಿನ ಬಾಗಿಲ ಮೇಲೆ ದೊಡ್ಡದಾಗಿ ಬರೆಸಿದ್ದ. ಆದರೆ ಆ ಹೆಸರು ಹಿಡಿದು ಹುಡುಕಿದರೆ ಸಿಗುವ ಕಡೆಗೆ ಅವರು ಹೋದವರಲ್ಲ. "ಇಲ್ಲ" ಎಂದೆ. ಅವಳು ಫೋನು ಕೆಳಗಿಟ್ಟಳು.