ತಮ್ಮನ ಕಾರ್ಡಿನ ಧೂಳು

ಕಂಪ್ಯೂಟರ್ ರಿಪೇರಿಯವನಿಗೆ ಧೂಳಪ್ಪ ಎಂದು ಹೆಸರು ಬಿದ್ದದ್ದು ಸುಮ್ಮನಲ್ಲ. ಮೆಟ್ಟಿಲ ಕೆಳಗಿನ ಆ ಗೂಡಿನಂಥ ಅಂಗಡಿಗೆ ಯಾರು ಯಾವ ಪೆಟ್ಟಿಗೆ ಹೊತ್ತು ತಂದರೂ ಇಪ್ಪತ್ತೆರಡು ವರ್ಷಗಳಿಂದ ಅವನ ಮೊದಲ ಮಾತು ಒಂದೇ: "ಧೂಳು ತೆಗೆದು ಎಷ್ಟು ದಿನ ಆಯ್ತು?" ಉತ್ತರ ತಡವಾದರೆ ಬೈಗುಳ ಗ್ಯಾರಂಟಿ. ದೊಡ್ಡ ಆಫೀಸುಗಳ ಮ್ಯಾನೇಜರುಗಳೂ ಅವನೆದುರು ತಲೆ ತಗ್ಗಿಸಿ ನಿಂತದ್ದುಂಟು.

ಅಂಥವನ ಮನೆಯ ಕಂಪ್ಯೂಟರೇ ಹೇಳದೆ ಕೇಳದೆ ಆಫ್ ಆಗತೊಡಗಿತು.

ತಮ್ಮ ತೀರಿಕೊಂಡು ಮೂರು ತಿಂಗಳಾಗಿತ್ತು. ಅವನ ಕಂಪ್ಯೂಟರಿನಲ್ಲಿ ಪರದೆಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡನ್ನು ಬಿಚ್ಚಿ ತಂದು ಧೂಳಪ್ಪ ಮಗಳ ಕಂಪ್ಯೂಟರಿಗೆ ಹಾಕಿದ್ದ. ಮಗಳು ಕಟ್ಟಡಗಳ ನಕ್ಷೆ ಬರೆಯುವ ಓದು ಓದುತ್ತಿದ್ದಳು. ಕೊನೆಯ ನಕ್ಷೆಯನ್ನು ಸೋಮವಾರ ಒಪ್ಪಿಸಬೇಕು, ಇಲ್ಲದಿದ್ದರೆ ವರ್ಷವಿಡೀ ಪಟ್ಟ ಪಾಡು ನೀರುಪಾಲು.

ಕಾರ್ಡ್ ಹಾಕಿದ ದಿನದಿಂದ ಒಮ್ಮೆ ಹತ್ತು ನಿಮಿಷಕ್ಕೆ, ಒಮ್ಮೆ ಎರಡು ಗಂಟೆಗೆ ಪರದೆ ಕಪ್ಪಾಗುತ್ತಿತ್ತು. ಅದಕ್ಕೆ ಮುಂಚೆ ಪೆಟ್ಟಿಗೆಯಿಂದ ಸಣ್ಣಗೆ ಸಿಗರೇಟಿನ ವಾಸನೆ. ಈ ಮನೆಯಲ್ಲಿ ಯಾರೂ ಸೇದುವುದಿಲ್ಲ. ತಮ್ಮ ಸೇದುತ್ತಿದ್ದ. ಅಣ್ಣ ಒಳಗೆ ಬಂದರೆ ಸಾಕು, ಕೈಯನ್ನು ಮೇಜಿನ ಕೆಳಗೆ, ಕಂಪ್ಯೂಟರಿನ ಪಕ್ಕ ಮರೆಮಾಡುತ್ತಿದ್ದ, ನಲವತ್ತು ದಾಟಿದ ಮೇಲೂ.

ವಾಸನೆ ಬಂದಾಗಲೆಲ್ಲ ಧೂಳಪ್ಪ ಬೆನ್ನ ಹಿಂದೆ ಯಾರೋ ನಿಂತಂತಾಗಿ ತಿರುಗಿ ನೋಡುತ್ತಿದ್ದ. ಹೆದರಿಕೆಯಾಗುತ್ತಿತ್ತು, ನಿಜ. ವಾಸನೆ ಬಾರದ ದಿನ ಇನ್ನೂ ಹೆಚ್ಚು ಹೆದರಿಕೆಯಾಗುತ್ತಿತ್ತು.

ಪವರ್ ಸಪ್ಲೈ ಬದಲಾಯಿಸಿದ. ರ್‍ಯಾಮ್ ಬದಲಾಯಿಸಿದ. ಸಾಫ್ಟ್‌ವೇರನ್ನೆಲ್ಲ ಅಳಿಸಿ ಹೊಸದಾಗಿ ಹಾಕಿದ. ಎಲೆಕ್ಟ್ರಿಷಿಯನ್‌ನನ್ನು ಕರೆಸಿ, ಗೋಡೆಯ ಪ್ಲಗ್ ಸರಿಯಿಲ್ಲವೆಂದು ವಿನಾಕಾರಣ ರೇಗಾಡಿದ. ಶನಿವಾರ ಬೆಳಿಗ್ಗೆ ಪರದೆ ಮತ್ತೆ ಕಪ್ಪಾದಾಗ ಮಗಳು ಮೌಸ್ ಬಿಟ್ಟು ತುಟಿ ಕಚ್ಚಿ ಕೂತಳು.

"ಅಪ್ಪಾ, ಎಲ್ಲಾ ಬಿಚ್ಚಿದ್ದಾಯ್ತು. ಚಿಕ್ಕಪ್ಪನ ಕಾರ್ಡ್ ಒಂದನ್ನ ಯಾಕೆ ಮುಟ್ಟಿಲ್ಲ?"

"ಅದರಲ್ಲೇನೂ ತೊಂದರೆ ಇಲ್ಲ."

"ಅದರ ಧೂಳು ತೆಗೆದು ಎಷ್ಟು ದಿನ ಆಯ್ತು?"

ಧೂಳಪ್ಪ ಸ್ಕ್ರೂಡ್ರೈವರ್ ಎತ್ತಿಕೊಂಡ.

ಕಾರ್ಡನ್ನು ಬಿಚ್ಚಿ ಅಂಗಳಕ್ಕೆ ಒಯ್ದ. ಫ್ಯಾನಿನ ಹಿಂದೆ, ಬಿಸಿ ಹೊರಹೋಗಬೇಕಾದ ಸಂದುಗಳಲ್ಲಿ ಸಿಗರೇಟು ಹೊಗೆಯ ಹಳದಿ ಜಿಡ್ಡಿಗೆ ಅಂಟಿದ ಬೂದಿ, ಧೂಳು, ಒಂದೆರಡು ಕೂದಲೆಳೆ ಕಂಬಳಿಯಂತೆ ಕವಿದಿದ್ದವು. ಕಾರ್ಡಿಗೆ ಉಸಿರು ಕಟ್ಟಿ, ಬಿಸಿಯೇರಿ ಕಂಪ್ಯೂಟರ್ ಆಫ್ ಆಗುತ್ತಿದೆ ಎಂದು ಮೊದಲ ದಿನವೇ ಅವನಿಗೆ ಗೊತ್ತಿತ್ತು. ಬೇರೆಯವರದಾಗಿದ್ದರೆ ಐದು ನಿಮಿಷದ ಕೆಲಸ. ಬ್ರಷ್ಷಿನಿಂದ ಜಿಡ್ಡನ್ನು ಸಡಿಲಿಸಿ, ಗಾಳಿ ಊದುವ ಬ್ಲೋವರನ್ನು ಕೈಗೆತ್ತಿಕೊಂಡ.

"ಕೋಪ ಮಾಡ್ಕೋಬೇಡ ಕಣೋ," ಎಂದು ಅದರ ಗುಂಡಿ ಒತ್ತಿದ. ಬೂದುಬಣ್ಣದ ಧೂಳು ಭುಗಿಲ್ಲನೆ ಎದ್ದು ಕಾಂಪೌಂಡಿನಾಚೆ ಹೋಯಿತು.

ಕಂಪ್ಯೂಟರ್ ಆಮೇಲೆ ಒಮ್ಮೆಯೂ ಆಫ್ ಆಗಲಿಲ್ಲ. ಸೋಮವಾರ ನಕ್ಷೆ ಒಪ್ಪಿಸಿದ್ದೂ ಆಯಿತು. ಮಗಳು ಹೊರಗೆ ಹೋದಾಗಲೆಲ್ಲ ಧೂಳಪ್ಪ ಅದನ್ನು ಆನ್ ಮಾಡಿ, ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಕೂತು ಮೂಗರಳಿಸಿ ಕಾಯುತ್ತಿದ್ದ. ಬಿಸಿಗಾಳಿ ಬರುತ್ತಿತ್ತು, ಅಷ್ಟೇ.

ಆ ವಾರ ಅಂಗಡಿಗೆ ಹೆಂಗಸೊಬ್ಬಳು ಹಳೆಯ ಕಂಪ್ಯೂಟರನ್ನು ಎದೆಗವಚಿಕೊಂಡು ಬಂದಳು. "ಸುಮ್‌ಸುಮ್ನೆ ಆಫ್ ಆಗುತ್ತೆ," ಎಂದು ಹೇಳಿ, ಬೈಸಿಕೊಳ್ಳಲು ಸಿದ್ಧಳಾಗಿ ನಿಂತಳು. ಧೂಳಪ್ಪ ಮುಚ್ಚಳ ತೆರೆದ. ಒಳಗೆ ಬೆರಳು ಹೂತುಹೋಗುವಷ್ಟು ಧೂಳು. ಎತ್ತಿಕೊಂಡಿದ್ದ ಬ್ರಷ್ಷನ್ನು ಮೆಲ್ಲಗೆ ಕೆಳಗಿಟ್ಟ.

"ಇದು ಯಾರದ್ದಮ್ಮಾ?" ಎಂದು ಕೇಳಿದ.