ಶಹಾಪುರದ ಶಿಬಿರದಿಂದ ನಾನು ಕಳಿಸಿದ ಗುಪ್ತ ವರದಿ

ರಾಜ್ಯ ಒಂದಾದ ಮರುವರ್ಷ, 1957ರಲ್ಲಿ, ನಾನು ವಿಶ್ವವಿದ್ಯಾಲಯವೊಂದರ ವಿಸ್ತರಣಾ ವಿಭಾಗದಲ್ಲಿ ಕಿರಿಯ ಉಪನ್ಯಾಸಕ. ಶಹಾಪುರದಲ್ಲಿ ಮೂರು ವಾರದ ಇನ್-ಸರ್ವಿಸ್ ಟ್ರೈನಿಂಗ್, ಅಂದರೆ ಕೆಲಸದಲ್ಲಿರುವ ಶಿಕ್ಷಕರ ಮರುತರಬೇತಿ, ನಡೆಸಲು ನನ್ನನ್ನು ಕಳಿಸಿದರು. ಯಾದಗಿರಿಯಲ್ಲಿ ರೈಲಿಳಿದು ಮೋಟಾರು ಹಿಡಿದೆ. ನಿಜಾಮರ ಕಾಲದಲ್ಲಿ ಉರ್ದುವಿನಲ್ಲೇ ಓದಿ, ಉರ್ದುವಿನಲ್ಲೇ ಕಲಿಸಿದ್ದ ಇಪ್ಪತ್ತೆರಡು ಮಂದಿ ಶಿಕ್ಷಕರು ಇನ್ನು ಮುಂದೆ ಕನ್ನಡದಲ್ಲಿ ಪಾಠ ಹೇಳಬೇಕಿತ್ತು.

ಅಲ್ಲಿ ಯಾರೂ ನನ್ನನ್ನು ನಂಬಲಿಲ್ಲ. ನಾನು ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು. ತಮ್ಮನ್ನು ಸೋಸಿ ಮನೆಗೆ ಕಳಿಸಲು ಬಂದವನು ಎಂದು ಅವರಿಗೆ ಗುಮಾನಿ. "ಕಲಿಸಲು ಬಂದಿದ್ದೇನೆ, ಅಷ್ಟೆ" ಎಂದೆ. ಅದು ಅರ್ಧ ಸತ್ಯ. ಪ್ರತಿಯೊಬ್ಬರ ಬಗ್ಗೆ 'ಮುಂದುವರಿಸಬಹುದು' ಅಥವಾ 'ಅನರ್ಹ' ಎಂದು ಶಿಕ್ಷಣ ಇಲಾಖೆಗೆ ನಾನು ಗುಪ್ತವಾಗಿ ವರದಿ ಕಳಿಸಬೇಕಿತ್ತು.

ನನಗೂ ಒಬ್ಬರ ಮೇಲೆ ಗುಮಾನಿ: ದೋರನಹಳ್ಳಿಯ ಗಣಿತ ಶಿಕ್ಷಕ ಸಿದ್ರಾಮಪ್ಪ ಮಾಸ್ತರ್. ನಾನು ಬಾಯಿ ತೆರೆದರೆ ಸಾಕು, ತಲೆ ತಗ್ಗಿಸಿ ನೋಟ್‌ಬುಕ್ಕಿನಲ್ಲಿ ಉರ್ದು ಬರೆಯತೊಡಗುವರು. ಬೋರ್ಡಿನ ಮೇಲೆ ಬರೆಯಲು ಕರೆದರೆ ನೆಪ ಹೇಳುವರು. ಸುರಪುರದ ಶಿಕ್ಷಕರೊಬ್ಬರು, "ಹುಷಾರಿರ್ರಿ ಸಾಹೇಬ್ರ, ನೀವು ಅಂದದ್ದೆಲ್ಲಾ ಬರ್ಕೊಳ್ಳಾಕತ್ತಾನ" ಎಂದು ಪಿಸುಗುಟ್ಟಿದರು. ನನ್ನ ಮೇಲೆ ದೂರು ತಯಾರಾಗುತ್ತಿದೆ ಎಂದುಕೊಂಡೆ. ಉರ್ದು ನನಗೆ ಒಂದಕ್ಷರ ಬಾರದು. ಅವರನ್ನೇ ಕೇಳೋಣವೆಂದರೆ ನನ್ನ ಸೊಕ್ಕು ಬಿಡಲಿಲ್ಲ. 'ಸಹಕರಿಸುವುದಿಲ್ಲ, ಅನರ್ಹ' ಎಂದು ಬರೆದು ಲಕೋಟೆಯನ್ನು ಟಪಾಲಿಗೆ ಹಾಕಿದೆ.

ಕೊನೆಯ ದಿನ ಮಾದರಿ ಪಾಠದಲ್ಲಿ ಅವರ ಸರದಿ ಬಂತು. ನೋಟ್‌ಬುಕ್ ನೋಡುತ್ತ ನೋಡುತ್ತ, ಜೋಳದ ರೊಟ್ಟಿ ಮುರಿದು ಹಂಚುವ ಲೆಕ್ಕದಿಂದ ಭಿನ್ನರಾಶಿಯನ್ನು ಸೊಗಸಾದ ಕನ್ನಡದಲ್ಲಿ ವಿವರಿಸಿದರು. ನಡುನಡುವೆ ನನ್ನವೇ ವಾಕ್ಯಗಳು! ಬೆಪ್ಪಾಗಿ ನೋಟ್‌ಬುಕ್ ಕೇಳಿದೆ.

"ಇದು ಕನ್ನಡಾನ ಅದರಿ, ಅಕ್ಷರ ಅಷ್ಟ ಉರ್ದು. ಮನ್ಯಾಗ ಕನ್ನಡ ಮಾತಾಡಿ ಬೆಳ್ದೇನ್ರಿ, ಬರಿಯಾಕ ಯಾರೂ ಕಲಿಸ್ಲಿಲ್ಲ. ನೀವು ಹೇಳಿದ್ದು ಒಂದೂ ಬಿಡಬಾರ್ದಂತ ಹಿಂಗ ಬರ್ಕೊಂಡೆ." ಆಮೇಲೆ ತಡೆದು ಕೇಳಿದರು: "ನಮ್ಮ ಬಗ್ಗಿ ಮ್ಯಾಲ ಏನೂ ಬರಿಯೂದಿಲ್ಲಲ್ರಿ?"

"ಬರೆದಾಗಿದೆ" ಎಂದೆ.

"ಅಂದ್ರ ನಮ್ಮ ಗುಮಾನಿ ಖರೇನ ಆತು" ಎಂದು ಹೇಳಿ ಮಾಸ್ತರ್ ಕೂತುಬಿಟ್ಟರು.

ಮರುದಿನವೇ ಇಲಾಖೆಯ ಕಚೇರಿಗೆ ಓಡಿದೆ. ತಪ್ಪು ಶಿಕ್ಷಕರದಲ್ಲ, ನನ್ನದು ಎಂದು ಬರೆದುಕೊಟ್ಟು, ಗೋಗರೆದು ಮಾಸ್ತರರ ನೌಕರಿ ಉಳಿಸಿದೆ. ಕಲಿಯಲು ಬಂದವರು ತಮಗೆ ಬಾರದ್ದನ್ನು ನಮ್ಮೆದುರು ಹೇಳಿಕೊಳ್ಳುವಂತಿರಬೇಕು. ಜೇಬಿನಲ್ಲಿ ಗುಪ್ತ ವರದಿ ಇಟ್ಟುಕೊಂಡು ಹೋದ ವಿಶ್ವವಿದ್ಯಾಲಯದವರಿಗೆ ಯಾರು ಹೇಳಿಕೊಂಡಾರು? ಇದನ್ನು ಕಲಿತ ಮೇಲೆ ಅಂಥ ವರದಿ ಬರೆಯಲು ನಾನು ಒಪ್ಪಲಿಲ್ಲ.

ಮುಂದಿನ ವರ್ಷದ ಶಿಬಿರಕ್ಕೆ ಕರೆಯಲು ನಾನೇ ದೋರನಹಳ್ಳಿಗೆ ಹೋದೆ. ಮಾಸ್ತರ್ ಮರ್ಯಾದೆಯಿಂದ ಕೂರಿಸಿ ಚಹಾ ಕೊಟ್ಟರು. ಶಿಬಿರಕ್ಕೆ ಮಾತ್ರ ಬರಲಿಲ್ಲ.